ನನ್ನ ಹೊಟ್ಟೆಯ ಹಳೇ ಎಣ್ಣೆ

(ಆಯುಧಪೂಜೆ ಕಳೆದು ಒಂದು ವಾರ. ಬೆಂಗಳೂರಿನ ಜೆ.ಸಿ. ರಸ್ತೆ ಪಕ್ಕದ ಗಲ್ಲಿಯ ಗ್ಯಾರೇಜು. ಡ್ರೈನ್ ಬೋಲ್ಟ್ ಬಿಚ್ಚಿ, ಕರಿ ಆಯಿಲು ತೊಟ್ಟಿಕ್ಕಲು ಬಿಟ್ಟು ಹುಡುಗ ಟೀಗೆ ಹೋಗಿದ್ದ. ಕಾರಿನ ಮುಂದಿನ ಜಾಲರಿಯಲ್ಲಿ ಒಣಗಿದ ಚೆಂಡುಹೂವಿನ ಹಾರ. ಅದರ ಹಿಂದಿನಿಂದ ಆಯಿಲ್ ಕೂಲರ್ ಮಾತಾಡಿತು.)

ಹಬ್ಬ ಹೇಗಾಯ್ತು?

ಉಸಿರು ಕಟ್ಟಿತು ಸ್ವಾಮಿ. ನಾನು ಬದುಕುವುದೇ ಗಾಳಿಯಿಂದ. ಮೂತಿಗೆ ಎರಡು ಬಾಳೆಕಂದು, ಮೊಳಗಟ್ಟಲೆ ಹೂ ಕಟ್ಟಿ ಶಿರಾಡಿ ಘಾಟಿ ಹತ್ತಿಸಿದರು. ಗಾಡಿ ಬಿಸಿಯಾಯಿತು ಅಂತ ರೇಡಿಯೇಟರಿಗೆ ಬೈದರು. ಬೈಯುವುದಕ್ಕೂ ನನ್ನ ನೆನಪಾಗಲಿಲ್ಲ.

ರೇಡಿಯೇಟರ್ ನಿಮಗೆ ಅಣ್ಣನೇ?

ಪಕ್ಕದ ಮನೆಯವನು. ಅವನಲ್ಲಿ ಕೂಲೆಂಟು, ನನ್ನಲ್ಲಿ ಎಣ್ಣೆ. ದಾಯಾದಿ ಅಂದರೆ ಫಿಲ್ಟರ್ ಬುಡದಲ್ಲಿರುವ ಇನ್ನೊಂದು ಬಗೆಯ ಆಯಿಲ್ ಕೂಲರ್. ಅವನದು ಒಂದೇ ಸೂರಿನಡಿ ಎಣ್ಣೆ-ಕೂಲೆಂಟುಗಳ ಕೂಡು ಸಂಸಾರ. ಒಳಗಿನ ಸೀಲ್ ಹೋದರೆ, ಎಂಜಿನ್ ಓಡುವಾಗ ಒತ್ತಡ ಹೆಚ್ಚಿರುವ ಎಣ್ಣೆಯೇ ಆಚೆ ನುಗ್ಗಿ, ಕೂಲೆಂಟ್ ಡಬ್ಬಿಯಲ್ಲಿ ಕೆನೆಗಟ್ಟಿದ ಕಾಫಿ! ಅದನ್ನು ಕಂಡು ‘ಹೆಡ್ ಗ್ಯಾಸ್ಕೆಟ್ ಹೋಯ್ತು’ ಅಂತ ಎಂಜಿನ್ನೇ ಬಿಚ್ಚಿಟ್ಟ ಪುಣ್ಯಾತ್ಮರಿದ್ದಾರೆ.

ಇವತ್ತು ಆಯಿಲ್ ಚೇಂಜ್. ಖುಷಿಯೇ?

ಖುಷಿ ಎಂಜಿನ್ ತಳದ ಸಂಪ್‌ಗೆ, ಅದು ಖಾಲಿಯಾಗುತ್ತೆ. ನನ್ನ ಹೊಟ್ಟೆಯದೂ ಪೈಪಿನದೂ ಹೆಚ್ಚುಕಡಿಮೆ ಅಲ್ಲೇ ಉಳಿಯುತ್ತೆ. ನಿನ್ನೆಯ ಸಾರಿಗೆ ಇವತ್ತಿನ ಒಗ್ಗರಣೆ.

ಹಾಗಾದರೆ ಪ್ರತಿ ಸಲವೂ ನಿಮ್ಮನ್ನು ಬಿಚ್ಚಬೇಕೆ?

ಅಯ್ಯೋ, ಬೇಡಿ! ಒಂದಿಷ್ಟು ಹಳತು ಉಳಿಯುತ್ತದೆಂದು ಗಾಡಿ ಮಾಡಿದವರಿಗೂ ಗೊತ್ತು. ಹೊತ್ತಿಗೆ ಸರಿಯಾಗಿ ಬದಲಿಸಿದರೆ ಅದು ಜೀರ್ಣವಾಗುತ್ತೆ. ‘ಇನ್ನೊಂದು ಟ್ರಿಪ್ ಆಗಲಿ’ ಅಂತ ಮುಂದೂಡುವವರಿಂದಲೇ ನನಗೆ ಅಜೀರ್ಣ. ಕೆಳಗೆ ಮಲಗಿದ್ದಾಗ ಪೈಪಿನ ಸಂದಿಗಳಲ್ಲಿ ಜಿನುಗಿದೆಯೇ ಅಂತ ಕೈಯಾಡಿಸಿದರೆ ಸಾಕು. ಬಿಚ್ಚಲೇಬೇಕಾಗಿ ಬಂದರೆ ಹಳೇ ಓ-ರಿಂಗನ್ನೇ ಮತ್ತೆ ತುರುಕಬೇಡಿ, ಅದು ಕಲ್ಲಾಗಿರುತ್ತೆ.

ಸ್ನಾನ?

ಆ ಪ್ರೆಶರ್ ಪಂಪಿನ ಸುದ್ದಿ ಎತ್ತಬೇಡಿ. ನನ್ನ ರೆಕ್ಕೆಗಳು ಹಾಳೆಯಷ್ಟು ತೆಳು, ಮಡಚಿಕೊಂಡರೆ ಗಾಳಿಯ ದಾರಿ ಮುಚ್ಚಿತು. ಮೆತ್ತನೆ ಬ್ರಷ್ಷು, ನಲ್ಲಿ ನೀರು ಸಾಕು. ಕಾರಿನೊಳಗಿನ ಸೆಂಟು ಬಾಟ್ಲಿ ತಿಂಗಳಿಗೊಮ್ಮೆ ಬದಲಾಗುತ್ತೆ. ನನ್ನ ಮೈಗಂಟಿದ ಹುಳಗಳಿಗೆ ಮಾತ್ರ ವರ್ಷಾಬ್ದಿಕ ನಡೆಯುವ ಹೊತ್ತಾಯ್ತು.

ಮರೆಯಲಾಗದ ನೋವು?

ನಮ್ಮ ಚಿಕ್ಕಪ್ಪನದು. ಬೇರಿಂಗ್ ಹೋದ ಎಂಜಿನ್ನಿಗೆ ಸಾಲ ಮಾಡಿ ಮರುಜನ್ಮ ಕೊಡಿಸಿದರು, ಕೂಲರ್ ಮಾತ್ರ ಹಳೇದೇ ಇರಲಿ ಅಂದರು. ಅವನ ಸಂದುಗೊಂದುಗಳಲ್ಲಿ ಕೂತಿದ್ದ ಲೋಹದ ಪುಡಿ ಹೊಸ ಬೇರಿಂಗನ್ನೂ ತಿಂದಿತು. ತೊಳೆದರೆ ಹೋಗುವ ಪಾಪವಲ್ಲ ಸ್ವಾಮಿ ಅದು, ಕೂಲರನ್ನೇ ಬದಲಿಸಬೇಕಿತ್ತು... ಅಗೋ, ಹುಡುಗ ಬಂದ! ಬೋಲ್ಟ್ ಹಾಕಿದ, ಇನ್ನು ಇಡೀ ಕ್ಯಾನ್ ಸುರಿದುಬಿಡುತ್ತಾನೆ. ತಡೀರಿ! ಹೆಚ್ಚಾದರೆ ಒಳಗೆ ಕಡೆದು ನೊರೆಯೇಳುತ್ತೆ. ಅಳತೆ ನೋಡಿ ಹಾಕಲಿ, ಒಂದು ನಿಮಿಷ ಸ್ಟಾರ್ಟ್ ಮಾಡಲಿ, ಫಿಲ್ಟರ್ ತನ್ನ ಪಾಲು ಕುಡಿದುಕೊಳ್ಳುತ್ತೆ. ಆಮೇಲೆ ಆಫ್ ಮಾಡಿ, ಹತ್ತು ನಿಮಿಷ ಬಿಟ್ಟು ಆಯಿಲ್ ಅಳತೆಯ ಕಡ್ಡಿ ನೋಡಲಿ.

(ಹೇಳಿದೆ. ಹುಡುಗ ಗೊಣಗುತ್ತಲೇ ಕಾದು, ಕಡ್ಡಿ ಎಳೆದು, ಒರೆಸಲು ಬಟ್ಟೆ ಹುಡುಕಿದ. ಸಿಗಲಿಲ್ಲ. ಜಾಲರಿಯ ಹಾರ ಕಿತ್ತು ಅದರಲ್ಲೇ ಒರೆಸಿದ. ಕೂಲರ್ ದೀರ್ಘವಾಗಿ ಉಸಿರೆಳೆದುಕೊಂಡಿತು.)