ಬೇಸ್‌ಮೆಂಟಿನ ಗುಡುಗು

ದೂರಪ್ರಯಾಣಕ್ಕೆಂದೇ ದೊಡ್ಡ ಬೈಕು ಕೊಂಡ ಗೃಹಸ್ಥನೊಬ್ಬ ನಿಮ್ಮ ಬೀದಿಯಲ್ಲೂ ಇದ್ದೇ ಇರುತ್ತಾನೆ. ಇಂಟರ್‌ಸೆಪ್ಟರ್ 650ಯೋ, ಹಿಮಾಲಯನ್ನೋ, ಯಾವುದೋ ಒಂದು. ಲಡಾಖಿನ ಹೆಸರು ಹೇಳಿ ಮನೆಯವರನ್ನು ಒಪ್ಪಿಸಿದ್ದು. ಮೊದಲ ಸರ್ವೀಸ್ ಮುಗಿಯುವ ಹೊತ್ತಿಗೆ ಕಂಪನಿ ಕೊಟ್ಟ ಸೈಲೆನ್ಸರ್ ಅವನಿಗೆ ಸಪ್ಪೆ ಅನ್ನಿಸತೊಡಗುತ್ತದೆ. "ಬೀಟೇ ಇಲ್ಲ ಗುರೂ" ಎಂಬ ಕೊರಗು ಶುರುವಾದರೆ ಮುಂದಿನ ಶನಿವಾರ ಅವನು ಜೆ.ಸಿ. ರಸ್ತೆಯಲ್ಲಿರುತ್ತಾನೆ ಎಂದೇ ಲೆಕ್ಕ. ಶಾರ್ಟ್ ಬಾಟಲ್, ಗೋಲ್ಡ್ ಸ್ಟಾರ್, ಮೆಗಾಫೋನ್, ಇಂದೋರಿ ಎಂದು ಅಂಗಡಿಯವನು ಒಂದೊಂದಾಗಿ ಇಳಿಸುತ್ತಾನೆ. ಹುಡುಗ ಆಕ್ಸಿಲರೇಟರ್ ತಿರುವುತ್ತಾನೆ. ಈತ ಕಚೇರಿಯ ಮುಂದಿನ ಸಾಲಿನ ರಸಿಕನಂತೆ ಕಣ್ಣು ಮುಚ್ಚಿ ತಲೆದೂಗುತ್ತಾನೆ. ಅಷ್ಟು ಹೊತ್ತೂ ಗಾಡಿ ಸ್ಟ್ಯಾಂಡಿನ ಮೇಲೆ, ಗೇರು ನ್ಯೂಟ್ರಲ್‌ನಲ್ಲಿ. ನನ್ನ ವಾದ ಇಷ್ಟೇ: ಟೂರಿಂಗ್ ಹೆಸರಿನಲ್ಲಿ ಮಾರಾಟವಾಗುವ ಈ ಪೈಪನ್ನು ಜನ ಆರಿಸುವುದು ನಿಂತ ಗಾಡಿಗಾಗಿ. ಆರುನೂರು ಕಿಲೋಮೀಟರ್ ಓಡಬೇಕಾದ ಗಾಡಿಯನ್ನು ಆಗ ಯಾರೂ ನೆನೆಯುವುದಿಲ್ಲ.

ಕೂರಿಸುವ ಕೆಲಸದಲ್ಲಿ ಮಾತ್ರ ಅವನ ಶ್ರದ್ಧೆಗೆ ಕೈಮುಗಿಯಬೇಕು. ನಾಷ್ಟಾ ಆರಿಹೋದರೂ ಚಿಂತೆಯಿಲ್ಲ, ತುಕ್ಕು ಹಿಡಿದ ನಟ್ಟುಗಳಿಗೆ ಎಣ್ಣೆ ಹೊಡೆದು ತಾಳ್ಮೆಯಿಂದ ಕಾಯುತ್ತಾನೆ. ಅವಸರಪಟ್ಟರೆ ಹೆಡ್ಡಿನ ಸ್ಟಡ್ಡೇ ತುಂಡಾದೀತೆಂದು ಅವನಿಗೆ ಗೊತ್ತು. ಬೆಂಡ್ ಪೈಪ್ ಬಿಚ್ಚಿದರೆ ಹಳೆಯ ಗ್ಯಾಸ್ಕೆಟ್ ಎಸೆದು ಹೊಸದನ್ನೇ ಹಾಕುತ್ತಾನೆ. ಎಲ್ಲ ಬೋಲ್ಟನ್ನೂ ಮೊದಲು ಸಡಿಲವಾಗಿ ಕೂರಿಸಿ, ಪೈಪು ನೆಟ್ಟಗೆ ನಿಂತಿತೇ ಎಂದು ಹಿಂದಿನಿಂದ ಒಂದು ಕಣ್ಣು ಮುಚ್ಚಿ ನೋಡಿ, ಆಮೇಲಷ್ಟೇ ಬಿಗಿ ಮಾಡುತ್ತಾನೆ. ಸ್ಟಾರ್ಟ್ ಮಾಡುವ ಮುಂಚೆ ಮೆತ್ತನೆಯ ಬಟ್ಟೆಯಿಂದ ಒರೆಸುವುದಂತೂ ಪೂಜೆಯೇ. ಬೆರಳ ಜಿಡ್ಡು ಉಳಿದು ಪೈಪು ಕಾದರೆ ಆ ಗುರುತು ಸುಟ್ಟು ಶಾಶ್ವತವಾಗಿ ನಿಲ್ಲುತ್ತದೆ. ಇಷ್ಟೆಲ್ಲ ಮಾಡುವ ಮನುಷ್ಯ, ಬಟ್ಟೆಬರೆಯ ಚೀಲವನ್ನು ಪಕ್ಕಕ್ಕೆ ನೇತುಹಾಕಿದರೆ ಅದಕ್ಕೂ ಪೈಪಿಗೂ ಎಷ್ಟು ಬೆರಳು ಅಂತರ ಉಳಿಯುತ್ತದೆ ಎಂಬುದನ್ನು ಮಾತ್ರ ಅಳೆಯುವುದಿಲ್ಲ. ಅದನ್ನು ಸಕಲೇಶಪುರದ ಹತ್ತಿರ, ನೈಲಾನ್ ಕರಗಿದ ವಾಸನೆ ತಿಳಿಸುತ್ತದೆ. ಪಾರ್ಕಿಂಗಿನಲ್ಲಿ ನಿಂತ ಗಾಡಿಗೆ ಚೀಲ ಇರುವುದಿಲ್ಲವಲ್ಲ.

ಬಲವಾದ ಸಾಕ್ಷಿ ಇರುವುದು ಅವನ ಕಿವಿಯಲ್ಲೇ. ಹೆದ್ದಾರಿಯಲ್ಲಿ ನೂರರ ವೇಗದಲ್ಲಿ ಹೆಲ್ಮೆಟ್ಟಿನೊಳಗೆ ಗಾಳಿಯ ಸದ್ದೇ 90 ಡೆಸಿಬೆಲ್ ದಾಟುತ್ತದೆ. ಗಂಟೆಗಟ್ಟಲೆ ಕೇಳಿದರೆ ಕಿವಿಗೆ ಕೆಡುಕು. ಅದರ ಜತೆಗೆ ತೆರೆದ ಪೈಪಿನ 'ಗುಂಯ್' ಎಂಬ ಒಂದೇ ಶ್ರುತಿ ತುಮಕೂರಿನಿಂದ ಚಿತ್ರದುರ್ಗದವರೆಗೆ ಬಿಡದೆ ಬರುತ್ತದೆ. ಹಾಗಾಗಿ ಅನುಭವಿ ಸವಾರರೆಲ್ಲ ಕಿವಿಗೆ ಇಯರ್‌ಪ್ಲಗ್ ತುರುಕಿಕೊಳ್ಳುತ್ತಾರೆ, ಇವನೂ ಕೂಡ. ಸಾವಿರಾರು ರೂಪಾಯಿ ಕೊಟ್ಟು ಸದ್ದು ಕೊಂಡವನು ನೂರು ರೂಪಾಯಿಯ ಸ್ಪಂಜಿನಿಂದ ಅದನ್ನು ಅಡಗಿಸಿಕೊಂಡು ಹೊರಡುತ್ತಾನೆ! ಪೈಪಿನ ಬಾಯಿ ಹಿಂದಕ್ಕಿರುವುದರಿಂದ ಸದ್ದಿನ ಸಿಂಹಪಾಲು ಸಲ್ಲುವುದು ಹಿಂದೆ ಬರುವ ಗೆಳೆಯನಿಗೆ. ಆ ಗೆಳೆಯ ಎರಡನೇ ಟೀ ನಿಲುಗಡೆಯಲ್ಲೇ ಇವನನ್ನು ಗುಂಪಿನ ಬಾಲಕ್ಕೆ ಕಳಿಸಿರುತ್ತಾನೆ.

ಅವನ ಕಡೆಯ ಮಾತೂ ಕೇಳೋಣ. ಪಿಕಪ್ ಹೆಚ್ಚುತ್ತದೆ ಎನ್ನುತ್ತಾನೆ. ಹಿಂದಿನ ತುಂಡನ್ನಷ್ಟೇ ಬದಲಿಸಿದರೆ ಒಂದೆರಡು ಹಾರ್ಸ್‌ಪವರ್ ಸಿಕ್ಕರೆ ಹೆಚ್ಚು, ಅದೂ ಆರ್‌ಪಿಎಂ ಮೇಲಕ್ಕೇರಿದಾಗ. ಘಾಟಿಯಲ್ಲಿ ಇಬ್ಬರನ್ನೂ ಲಗೇಜನ್ನೂ ಹೊತ್ತು ಹತ್ತಲು ಬೇಕಾದದ್ದು ಕೆಳಗಿನ ಎಳೆತ. ಪೈಪಿನ ಉದ್ದ, ವ್ಯಾಸ ತಪ್ಪಿದರೆ ಕುಗ್ಗುವುದು ಅದೇ. ಇದನ್ನು ಅವನು 'ಬ್ಯಾಕ್ ಪ್ರೆಶರ್ ಹೋಯ್ತು' ಅನ್ನುತ್ತಾನೆ. ಅಸಲಿಗೆ ಎಂಜಿನ್ನಿಗೆ ಬೇಕಾದದ್ದು ಒತ್ತಡವಲ್ಲ, ಪೈಪಿನ ತುದಿಯಿಂದ ತಿರುಗಿ ಬರುವ ಅಲೆ. ಅದು ಸರಿಯಾದ ಕ್ಷಣಕ್ಕೆ ಬಂದು ಉಳಿದ ಹೊಗೆಯನ್ನು ಎಳೆದುಕೊಳ್ಳಬೇಕು. ತೂಕ ಇಳಿಯುತ್ತದೆ ಎಂಬ ವಾದಕ್ಕೆ ನಾನು ತಲೆಬಾಗುತ್ತೇನೆ: ಕಂಪನಿಯ ಜೋಡಿ ಸೈಲೆನ್ಸರ್ ನಿಜಕ್ಕೂ ಭಾರ, ಹಲವು ಕಿಲೋ ಉಳಿಯುತ್ತದೆ. ಉಳಿದ ಆ ಕಿಲೋಗಳ ಜಾಗಕ್ಕೆ ಅವನು ಮರುವಾರವೇ ಮೂರು ಅಲ್ಯೂಮಿನಿಯಂ ಪೆಟ್ಟಿಗೆ ತಂದು ಬಿಗಿಯುತ್ತಾನೆ. ಇನ್ನು ಅಮೆರಿಕದ ಬೈಕರುಗಳಿಂದ ಎರವಲು ತಂದ ಘೋಷಣೆ: ಜೋರು ಸದ್ದು ಜೀವ ಉಳಿಸುತ್ತದೆ. ಆ ಅಮೆರಿಕದಲ್ಲೇ ಹ್ಯಾರಿ ಹರ್ಟ್ ತಂಡ ಲಾಸ್ ಏಂಜಲೀಸಿನ ಸುಮಾರು 900 ಬೈಕ್ ಅಪಘಾತಗಳನ್ನು ಸ್ಥಳದಲ್ಲೇ ಪರಿಶೀಲಿಸಿ 1981ರಲ್ಲಿ ವರದಿ ಕೊಟ್ಟಿತು. ಅದರ ಪ್ರಕಾರ ಅಪಾಯ ಬಹುಪಾಲು ಮುಂದಿನಿಂದಲೇ ಬರುತ್ತದೆ, ಎದುರಿನ ಕಾರು ಬೈಕಿಗೆ ಅಡ್ಡ ತಿರುಗುವುದೇ ದೊಡ್ಡ ಕಾರಣ. ಗಾಜು ಏರಿಸಿ ಹಾಡು ಹಾಕಿಕೊಂಡ ಎದುರಿನವನಿಗೆ ಹಿಂದಕ್ಕೆ ಹೊರಟ ಸದ್ದು ತಲುಪುವುದು ತೀರ ತಡವಾಗಿ. ಹೆಡ್‌ಲೈಟು, ಎದ್ದು ಕಾಣುವ ಜಾಕೆಟ್ಟು ಇದಕ್ಕಿಂತ ಅಗ್ಗ. ಅವು ಬೇಸ್‌ಮೆಂಟಿನಲ್ಲಿ ಗುಡುಗುವುದಿಲ್ಲ, ಅದೊಂದು ಕೊರತೆ.

"ಕೇಳೋಕೆ ಖುಷಿ ಸಾರ್" ಎಂದು ಅವನು ಕೊನೆಗೆ ಹೇಳುವ ಮಾತಿಗೆ ಎದುರುತ್ತರ ಇಲ್ಲ. ಅದೊಂದೇ ಪ್ರಾಮಾಣಿಕ ಕಾರಣ, ಕಾನೂನು ಒಪ್ಪದ ಕಾರಣವೂ ಹೌದು. 175 ಸಿಸಿ ಮೀರಿದ ಬೈಕು ಕಾರ್ಖಾನೆಯಿಂದ ಹೊರಬರುವಾಗ 80 ಡೆಸಿಬೆಲ್ ಮಿತಿಯೊಳಗಿರಬೇಕು. ಅದಕ್ಕೆ ಹತ್ತು ಸೇರಿದರೆ ಕಿವಿಗೆ ಸದ್ದು ಸುಮಾರು ಇಮ್ಮಡಿ. 2019ರ ತಿದ್ದುಪಡಿಯ ನಂತರ ಶಬ್ದಮಾಲಿನ್ಯಕ್ಕೆ 10,000 ರೂಪಾಯಿವರೆಗೂ ದಂಡ ಬೀಳಬಹುದು, ಲೈಸೆನ್ಸೂ ಮೂರು ತಿಂಗಳು ಹೋಗಬಹುದು. ನಮ್ಮ ಪೊಲೀಸರು ಕಿತ್ತ ಪೈಪುಗಳನ್ನು ಸಾಲಾಗಿ ಮಲಗಿಸಿ ರೋಡ್ ರೋಲರ್ ಹತ್ತಿಸಿದ ದೃಶ್ಯ ಅವನೂ ನೋಡಿದ್ದಾನೆ. ಅದಕ್ಕೇ ಸ್ಟಾಕ್ ಸೈಲೆನ್ಸರನ್ನು ಗೋಣಿಚೀಲದಲ್ಲಿ ಸುತ್ತಿ ಅಟ್ಟದ ಮೇಲೆ ಜೋಪಾನ ಮಾಡಿರುತ್ತಾನೆ. ಗಾಡಿ ಮಾರುವ ದಿನ ಅದು ಕೆಳಗಿಳಿಯುತ್ತದೆ. 'ಶೋರೂಮ್ ಕಂಡೀಷನ್, ಏನೂ ಆಲ್ಟರ್ ಮಾಡಿಲ್ಲ' ಎಂಬ ಜಾಹೀರಾತು ಹೊರಡುತ್ತದೆ. ಜೋರು ಪೈಪಿಗೆ ಬೇರೆ ಜಾಹೀರಾತು. ಅದರಲ್ಲಿ ಪವರ್ ಎಷ್ಟು, ತೂಕ ಎಷ್ಟು, ಯಾವ ಯಾವ ಘಾಟಿ ಹತ್ತಿದೆ ಎಂಬ ಒಂದು ಮಾತೂ ಇರುವುದಿಲ್ಲ. ಇರುವುದು ಇಪ್ಪತ್ತು ಸೆಕೆಂಡಿನ ವಿಡಿಯೋ: ಗಾಡಿ ಸ್ಟ್ಯಾಂಡಿನ ಮೇಲೆ, ಗೇರು ನ್ಯೂಟ್ರಲ್‌ನಲ್ಲಿ, ಚಿತ್ರೀಕರಣ ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲಿ.