ಪ್ರೇಷಕ ಮೀಮಾಂಸೆ: ಕೊಂಗುನಾಡಿನ ರಿಮೋಟ್ ಕಾರಿನ ಸಾರಥಿಗೆ ಟ್ರಾನ್ಸ್‌ಮಿಟರ್ ಆರಿಸುವ ಶಾಸ್ತ್ರ

ಕೊಂಗುನಾಡಿನ ಕೊಯಮತ್ತೂರು ಜಿಲ್ಲೆಯಲ್ಲೂ 2009ರಲ್ಲಿ ಅದರಿಂದ ಪಾಲು ಪಡೆದು ಬೇರೆ ಸಂಸಾರ ಹೂಡಿದ ತಿರುಪ್ಪೂರು ಜಿಲ್ಲೆಯಲ್ಲೂ ರಿಮೋಟ್ ಕಾರು ಓಡಿಸುವವರು ಎಷ್ಟು ಮಂದಿಯೋ, ಟ್ರಾನ್ಸ್‌ಮಿಟರ್ ಬಗೆಗಿನ ಸಿದ್ಧಾಂತಗಳೂ ಅಷ್ಟೇ. ಕಾರನ್ನು ಬಣ್ಣ ನೋಡಿ ಕೊಂಡುಬಿಡುತ್ತಾರೆ. ಅದನ್ನು ಆಡಿಸುವ ಪೆಟ್ಟಿಗೆಯ ವಿಷಯ ಬಂದಾಗ ಮಾತ್ರ ಮನೆಮಂದಿಯೆಲ್ಲ ತರ್ಕಶಾಸ್ತ್ರಿಗಳಾಗುತ್ತಾರೆ. ಈ ಶಾಸ್ತ್ರಕ್ಕೆ ಕನ್ನಡದಲ್ಲೊಂದು ಭಾಷ್ಯ ಬೇಕೆಂದು ಯಾರೂ ಕೇಳಿಲ್ಲ. ಯಾರೂ ಕೇಳದಿರುವುದು ವಿದ್ವತ್ತಿಗೆ ಯಾವ ಕಾಲದಲ್ಲೂ ಅಡ್ಡಿಯಾಗಿಲ್ಲವಾದ್ದರಿಂದ ಪ್ರಸ್ತುತ ಲೇಖಕನು ಧೈರ್ಯವಾಗಿ ಮುಂದುವರಿಯುತ್ತಾನೆ.

ಮೊದಲಿಗೆ ಕ್ಷೇತ್ರಮಹಾತ್ಮೆ. ಕೊಯಮತ್ತೂರಿನ ಚೆಟ್ಟಿಪಾಳಯದಲ್ಲಿ 2003ರಲ್ಲಿ ಆರಂಭವಾದ ಕರಿ ಮೋಟಾರ್ ಸ್ಪೀಡ್‌ವೇ ಇದೆ. ರೇಸಿಂಗ್ ಕಾರುಗಳನ್ನು ತಾವೇ ಕಟ್ಟುತ್ತಿದ್ದ ಎಸ್. ಕರಿವರ್ಧನರ ಹೆಸರು ಅದಕ್ಕೆ. ಉದ್ದ ಸುಮಾರು 2.1 ಕಿಲೋಮೀಟರು. ಹತ್ತನೇ ಒಂದರಷ್ಟು ಅಳತೆಯ ರಿಮೋಟ್ ಕಾರಿಗೆ ತಕ್ಕಂತೆ ಇದನ್ನು ಹತ್ತರಿಂದ ಭಾಗಿಸಿದರೆ 210 ಮೀಟರು ಬರುತ್ತದೆ. ಇತ್ತ ಪೊಳ್ಳಾಚಿ, ಉಡುಮಲೈಪೇಟೆ ಕಡೆಯ ರೇಕ್ಲಾ ಎಂಬ ಎತ್ತಿನ ಗಾಡಿ ಓಟದಲ್ಲಿ ಎಳೆಯ ಎತ್ತುಗಳು ಓಡುವ ದೂರ 200 ಮೀಟರು. ಎರಡು ಅಂಕಿಗಳ ಈ ಸಾಮೀಪ್ಯ ಆಕಸ್ಮಿಕವಲ್ಲವೆಂದು ನಾವು ಬಲವಾಗಿ ಪ್ರತಿಪಾದಿಸುತ್ತೇವೆ. ಹೆಚ್ಚುವರಿ ಹತ್ತು ಮೀಟರಿನ ಸಮಸ್ಯೆಯನ್ನು ಮುಂದಿನ ಸಂಶೋಧಕರಿಗೆ ಬಿಟ್ಟುಕೊಟ್ಟಿದ್ದೇವೆ, ಅವರೂ ಪಿಎಚ್.ಡಿ. ಮಾಡಬೇಕಲ್ಲ. 2005ರಲ್ಲಿ ಫಾರ್ಮುಲಾ ಒನ್ ಸೇರಿದ ಮೊದಲ ಭಾರತೀಯ ನಾರಾಯಣ್ ಕಾರ್ತಿಕೇಯನ್ ಇದೇ ಊರಿನವರು. ಆದರೆ ಅವರು ಕಾರಿನೊಳಗೇ ಕೂತು ಓಡಿಸುತ್ತಿದ್ದರಾಗಿ ಈ ಪ್ರಬಂಧದ ವ್ಯಾಪ್ತಿಗೆ ಬರುವುದಿಲ್ಲ.

ಇನ್ನು ಮೂಲದ ಪ್ರಶ್ನೆ. 1895ರಲ್ಲಿ ಜಗದೀಶಚಂದ್ರ ಬೋಸರು ಕಲ್ಕತ್ತೆಯಲ್ಲಿ ತಂತಿಯಿಲ್ಲದೆ ದೂರದ ಗಂಟೆ ಬಾರಿಸಿ ಮದ್ದು ಸಿಡಿಸಿ ತೋರಿಸಿದರು. 1898ರಲ್ಲಿ ಟೆಸ್ಲಾ ನ್ಯೂಯಾರ್ಕಿನಲ್ಲಿ ರೇಡಿಯೋದಿಂದ ಪುಟ್ಟ ದೋಣಿ ನಡೆಸಿದ. ಪಾಶ್ಚಾತ್ಯರೂ ವಂಗೀಯರೂ ಇಲ್ಲಿಗೇ ನಿಲ್ಲುತ್ತಾರೆ. ನಾವು ನಿಲ್ಲುವುದಿಲ್ಲ. ಕೊಯಮತ್ತೂರಿನಲ್ಲೂ ಸಿರುಮುಗೈಯಲ್ಲೂ ತಲೆಮಾರುಗಳಿಂದ ಮನೆಯೊಳಗೆ ಕನ್ನಡವಾಡುತ್ತ ನೇಯ್ದುಕೊಂಡು ಬಂದ ದೇವಾಂಗದವರನ್ನು ನೋಡಿ. ಕುಣಿಮಗ್ಗದಲ್ಲಿ ಕೂತು ಕಾಲಲ್ಲಿ ಮೆಟ್ಟುತ್ತ, ಕೈಯಲ್ಲಿ ಹಗ್ಗದ ಹಿಡಿ ಜಗ್ಗಿದರೆ ಲಾಳಿ ಕೈ ತಾಕದೆಯೇ ಆ ಕಡೆಯಿಂದ ಈ ಕಡೆಗೆ ಹಾರುತ್ತದೆ. ದೂರದಿಂದ ಆಜ್ಞೆ, ಎಡ–ಬಲ ಚಲನೆ, ಕೊನೆಯಲ್ಲಿ ಪೆಟ್ಟಿಗೆಗೆ ಬಡಿದು ನಿಲುಗಡೆ: ರಿಮೋಟ್ ಕಾರಿನ ಸಕಲ ಲಕ್ಷಣಗಳೂ ಇಲ್ಲಿವೆ, ಗೋಡೆಗೆ ಬಡಿಯುವುದೂ ಸೇರಿದಂತೆ. ಹಾರುವ ಲಾಳಿಯನ್ನು 1733ರಲ್ಲಿ ಜಾನ್ ಕೇ ಎಂಬ ಇಂಗ್ಲಿಷಿನವ ಕಂಡುಹಿಡಿದ ಎಂಬ ಆಕ್ಷೇಪ ಬರಬಹುದು. ಬಂದಾಗ ನೋಡಿಕೊಳ್ಳೋಣ. ಕನ್ನಡದ ಕೊಡುಗೆಯಿಲ್ಲದ ಪ್ರಬಂಧವನ್ನು ಯಾವ ಸಮಿತಿಯ ಮುಂದಿಡುವುದು?

ಪಂಥಗಳು ಮುಖ್ಯವಾಗಿ ಎರಡು. ಎದೆಯ ಮುಂದೆ ಪೆಟ್ಟಿಗೆ ಹಿಡಿದು ಎರಡು ಕಡ್ಡಿಗಳನ್ನು ಎರಡು ಹೆಬ್ಬೆರಳಲ್ಲಿ ಆಡಿಸುವವರು ದ್ವೈತಿಗಳು: ವೇಗ ಬೇರೆ, ದಿಕ್ಕು ಬೇರೆ, ಎರಡಕ್ಕೂ ಐಕ್ಯ ಎಂದಿಗೂ ಇಲ್ಲ. ಪಿಸ್ತೂಲಿನಂಥ ಹಿಡಿ, ತೋರುಬೆರಳಿಗೆ ಟ್ರಿಗರ್, ಪಕ್ಕದಲ್ಲಿ ಸ್ಪಂಜು ಸುತ್ತಿದ ಪುಟ್ಟ ಚಕ್ರ ಇರುವುದನ್ನು ಹಿಡಿದವರು ಅದ್ವೈತಿಗಳು: ಟ್ರಿಗರ್ ಒಳಗೆಳೆದರೆ ಓಟ, ಹೊರಗೆ ತಳ್ಳಿದರೆ ಬ್ರೇಕು, ಸೃಷ್ಟಿ–ಲಯಗಳು ಒಂದೇ ಬೆರಳಿನಲ್ಲಿ. ಇಂದು ಕಾರಿನವರಲ್ಲಿ ಬಹುಪಾಲು ಈ ಎರಡನೆಯವರೇ. ಮೊಬೈಲಿನ ಗಾಜು ಉಜ್ಜಿ ಕಾರು ಓಡಿಸುವ ಶೂನ್ಯವಾದಿಗಳೂ ಇದ್ದಾರೆ. ಬೆರಳಿಗೆ ಏನೂ ತಗಲದ ಕಾರಣ ತಿರುವಿನಲ್ಲಿ ಅವರಿಗೆ ಜಗತ್ತು ಮಿಥ್ಯೆಯೆಂದು ಬೇಗನೆ ಗೊತ್ತಾಗುತ್ತದೆ.

ವಾದ ಬಿಸಿಯೇರುವುದು ಲೇಟೆನ್ಸಿಯಲ್ಲಿ. ಬೆರಳು ಅಲುಗಿದ್ದಕ್ಕೂ ಮುಂದಿನ ಚಕ್ರ ತಿರುಗಿದ್ದಕ್ಕೂ ನಡುವಿನ ತಡ ಅದು. ಕೊಯಮತ್ತೂರಿನ ಗಾಂಧಿಪುರದ ಅಂಗಡಿಯೊಂದರ ಮುಂದೆ ನಡೆಯಿತೆಂದು ಭಾವಿಸಬಹುದಾದ ಸಂವಾದವಿದು:

“ಮಾವಾ, ಇದರಲ್ಲಿ ಲೇಟೆನ್ಸಿ ಕಡಿಮೆ.”

“ಕಡಿಮೆ ಇರೋದಕ್ಕೆ ಯಾಕೋ ಜಾಸ್ತಿ ದುಡ್ಡು?”

ಮಾವನದು ಗಹನವಾದ ಪೂರ್ವಪಕ್ಷ. ಲೆಕ್ಕ ಹಾಕೋಣ. ಗಂಟೆಗೆ 60 ಕಿಲೋಮೀಟರು ಓಡುವ ಕಾರು ಸೆಕೆಂಡಿಗೆ 16.7 ಮೀಟರು ಸಾಗುತ್ತದೆ. ಅರ್ಧ ಲಕ್ಷ ದಾಟುವ ಸೆಟ್ಟು ಅಗ್ಗದ ಸೆಟ್ಟಿಗಿಂತ 10 ಮಿಲಿಸೆಕೆಂಡು ಚುರುಕೆಂದಿಟ್ಟುಕೊಂಡರೆ ಲಾಭ ಸುಮಾರು 17 ಸೆಂಟಿಮೀಟರು, ಒಂದು ಗೇಣಿಗಿಂತ ಕಡಿಮೆ. ಆದರೆ ಕಣ್ಣು ಕಂಡದ್ದನ್ನು ಬೆರಳಿಗೆ ಮುಟ್ಟಿಸಲು ಮನುಷ್ಯನಿಗೇ 200 ಮಿಲಿಸೆಕೆಂಡು ಬೇಕು. ಅಷ್ಟರಲ್ಲಿ ಕಾರು 3.3 ಮೀಟರು ಹೋಗಿ ಗಟಾರದಲ್ಲಿರುತ್ತದೆ. ಅಂದಮೇಲೆ ಅಳಿಯನನ್ನೇ ಬದಲಾಯಿಸುವುದು ಅಗ್ಗವಲ್ಲವೇ ಎಂದು ಮಾವ ಕೇಳಬಹುದು. ಸಿದ್ಧಾಂತಿಯ ಉತ್ತರ ಹೀಗಿದೆ: ಪಳಗಿದ ಕೈ ಬೇಡುವುದು ಕಡಿಮೆ ತಡವನ್ನಲ್ಲ, ಪ್ರತಿಸಲವೂ ಅಷ್ಟೇ ತಡವನ್ನು. ದಿನಾ ಹತ್ತು ನಿಮಿಷ ತಡವಾಗಿ ಬರುವ ಬಸ್ಸಿಗೆ ಹೊಂದಿಕೊಳ್ಳಬಹುದು, ಒಂದು ದಿನ ಹೊತ್ತಿಗೆ ಸರಿಯಾಗಿ ಬಂದುಬಿಟ್ಟರೆ ಗತಿಯೇನು?

ಯಾವ ಬೆಲೆಯ ಪೆಟ್ಟಿಗೆಯೂ ಬಿಡಿಸದ ಸಮಸ್ಯೆ ಒಂದಿದೆ, ಸಮ್ಮುಖದೋಷ. ಕಾರು ದೂರ ಹೋಗುವಾಗ ನಿಮ್ಮ ಎಡವೇ ಅದರ ಎಡ. ಅದು ತಿರುಗಿ ನಿಮ್ಮತ್ತ ಬರತೊಡಗಿದೊಡನೆ ನಿಮ್ಮ ಕಣ್ಣಿಗೆ ಎಡ ಬಲವಾಗುತ್ತದೆ. ಹೊಸಬರು ಇಲ್ಲಿ ಚಕ್ರ ತಿರುವುವುದರ ಜೊತೆಗೆ ಮೊಣಕೈ, ಸೊಂಟ, ನಾಲಿಗೆ ಎಲ್ಲವನ್ನೂ ತಿರುವುತ್ತಾರೆ. ಎಕ್ಸ್‌ಪೋ ಎಂಬ ಗುಂಡಿಯಿಂದ ಚಕ್ರದ ನಡುಭಾಗವನ್ನು ಮಂದ ಮಾಡಿಕೊಂಡು ಕೈನಡುಕ ಮುಚ್ಚಬಹುದು. ಎಂಡ್ ಪಾಯಿಂಟ್ ಸರಿಪಡಿಸಿ, ಮುಂದಿನ ಚಕ್ರ ತಿರುಗಿಸುವ ಸರ್ವೋ ಎಷ್ಟು ದೂರ ತಿರುಗಬೇಕೆಂದು ಕಟ್ಟು ಹಾಕಬಹುದು. ಹಾಕದಿದ್ದರೆ ಅದು ಕಬ್ಬಿಣಕ್ಕೆ ಒತ್ತಿಕೊಂಡು ಗುಂಯ್‌ಗುಟ್ಟುತ್ತ ಸುಟ್ಟುಹೋಗುತ್ತದೆ. ಎಡ–ಬಲದ ಭ್ರಾಂತಿಗೆ ಮಾತ್ರ ಗುಂಡಿಯಿಲ್ಲ.

ಹಿರಿಯರು ಕ್ರಿಸ್ಟಲ್ ಯುಗವನ್ನು ನೆನೆದು ಕಣ್ಣೊರೆಸಿಕೊಳ್ಳುತ್ತಾರೆ. 27 ಮೆಗಾಹರ್ಟ್ಸಿನ ಆ ಕಾಲದಲ್ಲಿ ಆವರ್ತನ ನಿಗದಿಮಾಡುವ ಕ್ರಿಸ್ಟಲಿಗೆ ಕಂದು, ಕೆಂಪು, ಕಿತ್ತಳೆ, ಹಳದಿ, ಹಸಿರು, ನೀಲಿ ಎಂದು ಆರೇ ಬಣ್ಣ, ಅಂದರೆ ಒಮ್ಮೆಗೆ ಆರೇ ಕಾರು. ಒಂದೇ ಬಣ್ಣದ ಇಬ್ಬರು ಸ್ವಿಚ್ಚು ಹಾಕಿದರೆ ಒಬ್ಬನ ಕಾರು ಇನ್ನೊಬ್ಬನ ಮಾತು ಕೇಳುತ್ತಿತ್ತು. ಜಗಳ ಸೆಕೆಂಡಿನೊಳಗೆ ಸಿದ್ಧ. ಈಗಿನದು 2.4 ಗಿಗಾಹರ್ಟ್ಸು. ಅದಕ್ಕೆ ಇಲ್ಲಿ 2005ರಿಂದ ಲೈಸೆನ್ಸ್ ಬೇಕಿಲ್ಲ. ಮನೆಯ ವೈಫೈ, ಕಿವಿಯ ಬ್ಲೂಟೂತ್, ಅಡುಗೆಮನೆಯ ಮೈಕ್ರೋವೇವ್ ಎಲ್ಲ ಅದೇ ಬೀದಿಯವು. ಆದ್ದರಿಂದ ಸಂಕೇತ ಒಂದು ಕಡೆ ನಿಲ್ಲದೆ ಆವರ್ತನದಿಂದ ಆವರ್ತನಕ್ಕೆ ಜಿಗಿಯುತ್ತಲೇ ಇರುತ್ತದೆ, ಸಾಲ ಕೊಟ್ಟವರಿಂದ ತಪ್ಪಿಸಿಕೊಳ್ಳುವ ವಿಧಾನವೇ. ಮೀಟರುದ್ದದ ಏರಿಯಲ್ ಹೋಗಿ ಮೂರು ಸೆಂಟಿಮೀಟರಿನ ತಂತಿ ಉಳಿದಿದೆ. ಘನತೆ ಕುಗ್ಗಿತೆಂದು ಹಿರಿಯರ ಕೊರಗು.

ವಿಧಿವಾಕ್ಯ ಒಂದೇ: ಹಚ್ಚುವಾಗ ಮೊದಲು ಟ್ರಾನ್ಸ್‌ಮಿಟರ್, ಆಮೇಲೆ ಕಾರು, ನಂದಿಸುವಾಗ ಮೊದಲು ಕಾರು, ಆಮೇಲೆ ಟ್ರಾನ್ಸ್‌ಮಿಟರ್. ಸಾರಥಿಯಿಲ್ಲದ ರಥ ಕ್ಷಣಕಾಲವೂ ಎಚ್ಚರವಿರಕೂಡದು. ಉಲ್ಲಂಘಿಸಿದವನಿಗೆ ಪ್ರಾಯಶ್ಚಿತ್ತವೆಂದರೆ ಮೈದಾನದ ಉದ್ದಕ್ಕೂ ಓಡುವುದು. ಸಂಕೇತ ಕಡಿದಾಗ ಏನಾಗಬೇಕೆಂದು ಮೊದಲೇ ಹೇಳಿಡುವುದು ಫೇಲ್‌ಸೇಫ್. ಅದಿಲ್ಲದ ಎಂಜಿನ್ ಕಾರು, ಕೊನೆಗೆ ಕೇಳಿದ ಆಜ್ಞೆ “ಓಡು” ಎಂದಾಗಿದ್ದರೆ, ಓಡುತ್ತಲೇ ಇರುತ್ತದೆ. ಈ ವಿಷಯದಲ್ಲಿ ಕಾಂಗೇಯಂ ತಳಿಯ ಎತ್ತಿನದು ಇಂದಿಗೂ ಮೇಲುಗೈ: ಹಗ್ಗ ಕಡಿದರೆ ಅದು ಮನೆಗೆ ಹೋಗುತ್ತದೆ. ಜಪಾನಿನ ಯಾವ ಕಂಪನಿಯೂ ಈ ಸೌಲಭ್ಯವನ್ನು ಇನ್ನೂ ಕೊಟ್ಟಿಲ್ಲ.

ಇಷ್ಟೆಲ್ಲ ಹೇಳಿಯೂ ಆಯ್ಕೆಯ ನಿಜವಾದ ತತ್ತ್ವಕ್ಕೆ ಬಂದಿಲ್ಲ. ಅದು ಬೈಂಡಿಂಗ್. ಟ್ರಾನ್ಸ್‌ಮಿಟರಿಗೂ ಕಾರಿನ ರಿಸೀವರಿಗೂ ಮದುವೆ ಮಾಡಬೇಕು: ರಿಸೀವರಿನ ಗುಂಡಿ ಒತ್ತಿ ಹಿಡಿದು ಕರೆಂಟು ಕೊಟ್ಟರೆ ದೀಪ ಬಡಬಡ ಮಿಣುಕುತ್ತದೆ, ಈ ಕಡೆಯದು ಒಪ್ಪಿದೊಡನೆ ನಿಶ್ಚಲವಾಗುತ್ತದೆ. ಆದರೆ ಸಾನ್ವಾ ಕಂಪನಿಯ ಪೆಟ್ಟಿಗೆ ಸಾನ್ವಾದ ರಿಸೀವರನ್ನೇ ಒಪ್ಪುವುದು, ಫುಟಾಬಾದ್ದು ಫುಟಾಬಾದ್ದನ್ನೇ, ಫ್ಲೈಸ್ಕೈಯದು ಫ್ಲೈಸ್ಕೈಯದ್ದನ್ನೇ. ಒಂದೇ ಮನೆತನದಲ್ಲೂ ಎಫ್‌ಎಚ್3, ಎಫ್‌ಎಚ್4, ಎಫ್‌ಎಚ್5 ಎಂದು ಒಳಪಂಗಡಗಳು. ಜಾತಕ ಕೂಡದಿದ್ದರೆ ಎಷ್ಟು ಗುಂಡಿ ಒತ್ತಿದರೂ ದೀಪ ನಿಲ್ಲದು. ಹೀಗಾಗಿ ನೀವು ಕೊಳ್ಳುತ್ತಿರುವುದು ಯಂತ್ರವನ್ನಲ್ಲ, ನಂಟಸ್ತನವನ್ನು. ಸ್ಪರ್ಧೆಯ ಮಧ್ಯಾಹ್ನ ರಿಸೀವರು ಕೈಕೊಟ್ಟಾಗ ಪಕ್ಕದಲ್ಲಿ ನಿಂತವನ ಡಬ್ಬಿಯಲ್ಲಿರುವುದು ನಿಮ್ಮದಕ್ಕೆ ಕೂಡುವಂತಿರಬೇಕು. ಅತ್ಯುತ್ತಮ ಟ್ರಾನ್ಸ್‌ಮಿಟರ್ ಯಾವುದೆಂದು ಕೇಳುವವನು ಮೂಢ, ಪಕ್ಕದವನ ಬಳಿ ಯಾವುದಿದೆ ಎಂದು ಕೇಳುವವನು ಪಂಡಿತ. ಪಕ್ಕದವನು ಜಿಪುಣನಾಗಿದ್ದರೆ ಅವನಾಚೆಯವನನ್ನು ನೋಡಬೇಕು. ತಿರುಪ್ಪೂರಿನವರಿಗೆ ಇನ್ನೊಂದು ಅನುಕೂಲ: ಬೆವೆತ ಹಿಡಿ ಒರೆಸಲು ಬನಿಯನ್ ಕಾರ್ಖಾನೆಗಳ ವೇಸ್ಟಿಗೆ ಅಲ್ಲಿ ಬರವಿಲ್ಲ.

ಅನುಬಂಧವಾಗಿ ಬ್ಯಾಟರಿ ವಿಚಾರ. ಹಲವು ಸೆಟ್ಟುಗಳಿಗೆ ನಾಲ್ಕು ಎಎ ಸೆಲ್ಲು ಬೇಕು. ಭಾನುವಾರ ಬೆಳಿಗ್ಗೆ ಇವು ಅಂಗಡಿಯಲ್ಲಿ ಸಿಗವು, ಮನೆಯಲ್ಲೇ ಸಿಗುತ್ತವೆ. ಎರಡು ಟಿವಿ ರಿಮೋಟಿನಲ್ಲಿ, ಒಂದು ಗೋಡೆ ಗಡಿಯಾರದಲ್ಲಿ. ನಾಲ್ಕನೆಯದು ಅಜ್ಜಿಯ ಟಾರ್ಚಿನಲ್ಲಿದೆ. ಅದನ್ನು ತೆಗೆಯುವ ವಿಧಾನವನ್ನು ಯಾವ ಪ್ರಾಚೀನ ಗ್ರಂಥವೂ ಹೇಳಿಲ್ಲ, ಏಕೆಂದರೆ ಅಜ್ಜಿಗೆ ನಿದ್ದೆ ಕಡಿಮೆ.