ಸೋಯಾ-ಶ್ವಾನ ಮೀಮಾಂಸೆ

ಶಾಸ್ತ್ರಗ್ರಂಥ ಬರೆಯುವವನು ಮೊದಲು ಅನುಬಂಧ ಚತುಷ್ಟಯವನ್ನು ಹೇಳಬೇಕೆಂಬುದು ಹಿರಿಯರ ಕಟ್ಟಳೆ. ಹಾಗಾಗಿ ಹೇಳುತ್ತೇವೆ. ಈ ಗ್ರಂಥದ ವಿಷಯ, ಸೋಯಾ ಕಾಳು. ಪ್ರಯೋಜನ, ತಿಂಗಳ ಕೊನೆಯ ವಾರದಲ್ಲೂ ಮನೆಮಂದಿಯ ಮೈಗೆ ಪ್ರೋಟೀನು ಸಿಗುವುದು. ಸಂಬಂಧ, ಒಂದೇ ಪಾತ್ರೆಯಲ್ಲಿ ಬೆಂದದ್ದನ್ನು ಯಜಮಾನನೂ ನಾಯಿಯೂ ಹಂಚಿಕೊಳ್ಳುವುದು. ಅಧಿಕಾರಿಗಳು ಇಬ್ಬರು: ಧಾರವಾಡದ ನಾವು, ಮತ್ತು ನಮ್ಮ ನಾಯಿ ಕಾಳ. ಕಾಳನಿಗೂ ಕಾಳಿಗೂ ಇರುವ ಶಬ್ದಸಾಮ್ಯವನ್ನು ಎರಡನೆಯ ಸಂಪುಟದಲ್ಲಿ ಚರ್ಚಿಸಲಾಗುವುದು.

ಕಾಳನ ಕುಲಗೋತ್ರ ತಿಳಿಯದು. ಪಕ್ಕದ ಸೀಮೆಯ ಮುಧೋಳ ತಳಿಗೆ 2005ರಲ್ಲಿ ಅಂಚೆಚೀಟಿಯ ಮೇಲೆ ಕೂರುವ ಗೌರವ ಸಿಕ್ಕಿತು. ಕಾಳನಿಗೆ ಸಿಕ್ಕಿದ್ದು ಅಂಚೆಯವನನ್ನು ಅಟ್ಟಿಸುವ ಭಾಗ್ಯ ಮಾತ್ರ. ಬೆಕ್ಕಿಗೆ ಈ ಶಾಸ್ತ್ರದಲ್ಲಿ ಅಧಿಕಾರವಿಲ್ಲ. ಅದು ಹುಟ್ಟಾ ಮಾಂಸಾಹಾರಿ. ತನಗೆ ಬೇಕಾದಷ್ಟು ಟಾರಿನ್ ತಯಾರಿಸಿಕೊಳ್ಳಲು ಅದರ ಮೈಗೆ ಬಾರದು, ಸೋಯಾ ಅದನ್ನು ಕೊಡದು. ಅಲ್ಲದೆ ಗ್ರಂಥವನ್ನು ಕಂಡರೆ ಬೆಕ್ಕು ಅದರ ಮೇಲೆ ಮಲಗುತ್ತದೆ.

1. ನಾಮ ನಿರುಕ್ತ

ಮೊಮ್ಮಗನಿಗೆ ಅಜ್ಜನ ಹೆಸರಿಡುವುದು ನಮ್ಮಲ್ಲಿ ರೂಢಿ. ಸೋಯಾದ ವಿಷಯದಲ್ಲಿ ಮೊಮ್ಮಗನ ಹೆಸರೇ ಅಜ್ಜನಿಗೆ ಅಂಟಿಕೊಂಡಿದೆ. ಜಪಾನಿನವರು ಈ ಕಾಳನ್ನು ಹುಳಿಬರಿಸಿ ಮಾಡುವ ಕಪ್ಪು ರಸ ‘ಶೋಯು’. ಆ ರಸ ಡಚ್ ವ್ಯಾಪಾರಿಗಳ ಹಡಗಿನಲ್ಲಿ ಯುರೋಪಿಗೆ ಹೋಯಿತು, ಹೆಸರು ಹಿಂದಕ್ಕೆ ತಿರುಗಿ ಕಾಳಿಗೆ ಬಂತು. ತೊಗರಿಯನ್ನು ‘ಸಾರು’ ಎಂದು ಕರೆದಂತಾಯಿತು. ಸಸ್ಯಶಾಸ್ತ್ರಿಗಳು ಇಟ್ಟ ಹೆಸರು ಗ್ಲೈಸಿನ್ ಮ್ಯಾಕ್ಸ್. ಮೊದಲ ಪದಕ್ಕೆ ಗ್ರೀಕ್ ಮೂಲದಲ್ಲಿ ‘ಸಿಹಿ’ ಎಂದರ್ಥ. ಮನೆಯಲ್ಲಿ ರುಬ್ಬಿದ ಸೋಯಾ ಹಾಲಿನ ಹಸಿ ವಾಸನೆಯನ್ನು ಒಮ್ಮೆ ಮೂಸಿದ ಕಾಳ ಗ್ರೀಕರ ಮೇಲಿನ ಗೌರವವನ್ನು ಅಲ್ಲೇ ಬಿಟ್ಟ.

ಕಿರಾಣಿ ಅಂಗಡಿಯ ‘ಮೀಲ್ ಮೇಕರ್’ ಎಂಬ ಹೆಸರಂತೂ ವೈಯಾಕರಣರಿಗೇ ಸವಾಲು. ತಿನ್ನಿಸಿಕೊಳ್ಳುವುದು ಕರ್ಮ, ತಯಾರಿಸುವವರು ಕರ್ತೃ. ಊಟಕ್ಕೆ ‘ಊಟ ಮಾಡುವಾತ’ ಎಂದು ಹೆಸರಿಟ್ಟರೆ ಅಡುಗೆಮನೆಯಲ್ಲಿ ನಿಂತವರು ಯಾವ ವಿಭಕ್ತಿಗೆ ಸೇರಬೇಕು? ಈ ಪ್ರಶ್ನೆಯನ್ನು ಮನೆಯಲ್ಲಿ ಎತ್ತಿದ ದಿನ ನಮಗೆ ಚಹಾ ಸಿಗಲಿಲ್ಲ.

2. ಪ್ರಮಾಣ ವಿಚಾರ

ಒಣ ಸೋಯಾದ 100 ಗ್ರಾಂನಲ್ಲಿ ಸುಮಾರು 36 ಗ್ರಾಂ ಪ್ರೋಟೀನು. ತೊಗರಿಬೇಳೆಯಲ್ಲಿ 22ರ ಆಸುಪಾಸು, ಮೊಟ್ಟೆಯಲ್ಲಿ 13ರ ಹತ್ತಿರ. ಎಣ್ಣೆ ತೆಗೆದ ಹಿಟ್ಟಿನಿಂದ ಮಾಡಿದ ಮೀಲ್ ಮೇಕರ್ 50ನ್ನೂ ದಾಟುತ್ತದೆ. ವಾದ ಗೆಲ್ಲಬೇಕೆನ್ನುವವರು ಇಲ್ಲಿಗೇ ಪುಸ್ತಕ ಮುಚ್ಚುತ್ತಾರೆ. ಆದರೆ ಒಣ ಕಾಳನ್ನು ಯಾರೂ ಕಟಕಟನೆ ಕಡಿದು ತಿನ್ನುವುದಿಲ್ಲ. ನೆನೆದು, ಬೆಂದು, ನೀರು ಕುಡಿದ ಕಾಳನ್ನು 100 ಗ್ರಾಂ ತೂಗಿದರೆ ಅದರಲ್ಲಿ ಇರುವುದು 17-18 ಗ್ರಾಂ. ಆಗಲೂ ಅದು ಮೊಟ್ಟೆಗಿಂತ ಮುಂದೆಯೇ. ನಿಜ ಹೇಳಿಯೂ ನಷ್ಟವಾಗದೆ ಉಳಿಯುವುದು ಪ್ರಬಂಧಕಾರರಿಗೆ ಅಪರೂಪದ ಅನುಭವ.

ಸಾಂಖ್ಯರ ಅಂಧ-ಪಂಗು ನ್ಯಾಯವೂ ಇಲ್ಲಿ ಸಲ್ಲುತ್ತದೆ. ಜೋಳಕ್ಕೆ ಲೈಸಿನ್ ಕೊರತೆ. ಸೋಯಾದಲ್ಲಿ ಅದು ಧಾರಾಳ. ಸೋಯಾಕ್ಕೆ ಮಿಥಿಯೊನಿನ್ ಸ್ವಲ್ಪ ಕಡಿಮೆ; ಜೋಳದಂಥ ಧಾನ್ಯ ಅದನ್ನು ತುಂಬಿಕೊಡುತ್ತದೆ. ಕುರುಡನ ಹೆಗಲ ಮೇಲೆ ಕುಂಟ ಕುಳಿತು ಇಬ್ಬರೂ ಊರು ಸೇರುತ್ತಾರೆ. ಆಪ್ತವಾಕ್ಯ ಬೇಕೆನ್ನುವವರಿಗೆ: ಗಾಂಧೀಜಿ 1935ರಲ್ಲೇ ವಾರ್ಧಾದ ಮಗನವಾಡಿಯಲ್ಲಿ ಸೋಯಾ ಪ್ರಯೋಗ ನಡೆಸಿ ‘ಹರಿಜನ’ದಲ್ಲಿ ಬರೆದಿದ್ದರು. ಮಗನವಾಡಿಯ ನಾಯಿಗಳ ಅಭಿಪ್ರಾಯವನ್ನು ಯಾರಾದರೂ ದಾಖಲಿಸಬೇಕಿತ್ತು.

3. ಪೂರ್ವಪಕ್ಷ ಮತ್ತು ಪರಿಹಾರ

ಆಕ್ಷೇಪ: ನಾಯಿ ತೋಳದ ವಂಶದ್ದು, ಅದಕ್ಕೆ ಕಾಳು ಹಾಕುವುದು ಹುಲಿಗೆ ಹುಲ್ಲು ಹಾಕಿದಂತೆ.

ಪರಿಹಾರ: ಅಲ್ಲ. ತೋಳಕ್ಕಿಂತ ನಾಯಿಯಲ್ಲಿ ಪಿಷ್ಟ ಜೀರ್ಣಿಸುವ ಅಮೈಲೇಸ್ ವಂಶವಾಹಿಯ ಪ್ರತಿಗಳು ಹೆಚ್ಚಿವೆಯೆಂದು 2013ರಲ್ಲಿ ವಿಜ್ಞಾನಿಗಳು ತೋರಿಸಿದರು. ನಮ್ಮ ಹಿತ್ತಲಲ್ಲಿ ಉಳಿದ ರೊಟ್ಟಿ ತಿಂದೂ ತಿಂದೂ ಅದು ಅರ್ಧ ಲಿಂಗಾಯತವಾಗಿದೆ. ಚೆನ್ನಾಗಿ ಬೆಂದ ಸೋಯಾದ ಪ್ರೋಟೀನನ್ನು ಅದು ಜೀರ್ಣಿಸಿಕೊಳ್ಳಬಲ್ಲದು. ಅಂಗಡಿಯ ನಾಯಿ ಆಹಾರದ ಎಷ್ಟೋ ಚೀಲಗಳಲ್ಲಿ ಸೋಯಾ ಇದ್ದೇ ಇದೆ. ಧರ್ಮರಾಯನ ಹಿಂದೆ ಸ್ವರ್ಗದ ಬಾಗಿಲ ತನಕ ನಡೆದ ನಾಯಿ ದಾರಿಯಲ್ಲಿ ಏನು ತಿಂದಿತೋ ವ್ಯಾಸರು ಹೇಳಿಲ್ಲ. ಹಿಮಾಲಯದಲ್ಲಿ ಮಟನ್ ಅಂಗಡಿ ಇರಲಿಲ್ಲವೆಂಬುದಂತೂ ನಿಶ್ಚಿತ.

ಆಕ್ಷೇಪ: ಸೋಯಾ ತಿಂದರೆ ಹೊಟ್ಟೆ ಉಬ್ಬರ.

ಪರಿಹಾರ: ಒಪ್ಪಿದೆವು. ಕಾಳಿನಲ್ಲಿರುವ ರಾಫಿನೋಸ್, ಸ್ಟ್ಯಾಕಿಯೋಸ್ ಎಂಬ ಸಕ್ಕರೆಗಳನ್ನು ಒಡೆಯುವ ಕಿಣ್ವ ನಮ್ಮಲ್ಲೂ ಇಲ್ಲ, ನಾಯಿಯಲ್ಲೂ ಇಲ್ಲ. ಅವು ದೊಡ್ಡ ಕರುಳಿನ ಬ್ಯಾಕ್ಟೀರಿಯಾಗಳ ಪಾಲಾಗಿ ವಾಯುವಾಗುತ್ತವೆ. ಈ ವಿಷಯದಲ್ಲಿ ಪ್ರತ್ಯಕ್ಷ, ಅನುಮಾನ, ಶಬ್ದ ಎಂಬ ಮೂರೂ ಪ್ರಮಾಣಗಳು ಏಕಕಾಲಕ್ಕೆ ದೊರೆಯುವುದು ತತ್ತ್ವಶಾಸ್ತ್ರದ ಚರಿತ್ರೆಯಲ್ಲೇ ವಿರಳ. ಅತಿಥಿಗಳ ಎದುರಿಗೆ ನಾವು ಕಾಳನ ಕಡೆ ನೋಡುತ್ತೇವೆ. ಕಾಳ ನಮ್ಮ ಕಡೆ ನೋಡುತ್ತಾನೆ. ರಾತ್ರಿಯಿಡೀ ನೆನೆಹಾಕಿ, ಆ ನೀರು ಚೆಲ್ಲಿ, ಬೇರೆ ನೀರಿನಲ್ಲಿ ಮೆತ್ತಗೆ ಬೇಯಿಸಿದರೆ ವಿವಾದ ತಗ್ಗುತ್ತದೆ. ಹಸಿ ಕಾಳು ಇಬ್ಬರಿಗೂ ವರ್ಜ್ಯ: ಅದರಲ್ಲಿರುವ ಟ್ರಿಪ್ಸಿನ್ ನಿರೋಧಕ ಪ್ರೋಟೀನಿನ ಜೀರ್ಣಕ್ಕೇ ಅಡ್ಡಗಾಲು ಹಾಕುತ್ತದೆ. ಬೆಂಕಿ ಕಂಡರೆ ಮಾತ್ರ ಅದು ಸುಮ್ಮನಾಗುತ್ತದೆ.

ಆಕ್ಷೇಪ: ಸೋಯಾಕ್ಕಾಗಿ ಬ್ರೆಜಿಲಿನಲ್ಲಿ ಕಾಡು ಕಡಿದರಲ್ಲ?

ಪರಿಹಾರ: ಕಡಿದರು. ಅಮೆಜಾನಿನಲ್ಲಿ ಹೊಸದಾಗಿ ಕಾಡು ಕಡಿದ ನೆಲದ ಸೋಯಾ ಕೊಳ್ಳುವುದಿಲ್ಲವೆಂದು ವ್ಯಾಪಾರಿಗಳು 2006ರಲ್ಲಿ ಒಪ್ಪಂದ ಮಾಡಿಕೊಳ್ಳಬೇಕಾಗಿ ಬಂತು. ಆದರೆ ಅಪರಾಧಿ ಕಾಳಲ್ಲ, ದಲ್ಲಾಳಿ. ಜಗತ್ತಿನ ಸೋಯಾದಲ್ಲಿ ಸುಮಾರು ಮುಕ್ಕಾಲು ಪಾಲು ಕೋಳಿ, ಹಂದಿ, ದನಗಳ ಮೇವಿಗೆ ಹೋಗುತ್ತದೆ. ಕೋಳಿ ಕಾಳನ್ನು ತಿಂದು, ನಾವು ಕೋಳಿಯನ್ನು ತಿಂದರೆ, ನಡುವಿನ ಆ ದಲ್ಲಾಳಿ ಪ್ರೋಟೀನಿನ ಬಹುಪಾಲನ್ನು ಕಮಿಷನ್ ಆಗಿ ಇಟ್ಟುಕೊಳ್ಳುತ್ತದೆ. ಎಪಿಎಂಸಿಯಲ್ಲಿ ಯಾರಾದರೂ ಅಷ್ಟು ಹಿಡಿದರೆ ರೈತರು ಗೇಟಿಗೆ ಬೀಗ ಜಡಿಯುತ್ತಿದ್ದರು.

ನಮ್ಮ ಬೀದರ, ಬೆಳಗಾವಿ, ಧಾರವಾಡದ ಹೊಲಗಳಲ್ಲಿ ಸೋಯಾದ ನಡತೆ ಚೆನ್ನಾಗಿದೆ. ಮುಂಗಾರಿಗೆ ಬಿತ್ತಿದರೆ ಸುಮಾರು ನೂರು ದಿನಕ್ಕೆ ಕೊಯ್ಲು. ಹಿಂಗಾರಿಗೆ ಅದೇ ನೆಲದಲ್ಲಿ ಕಡಲೆ. ಬೇರಿನ ಗಂಟುಗಳಲ್ಲಿ ಮನೆಮಾಡಿದ ರೈಜೋಬಿಯಂ ಬಳಗದ ಬ್ಯಾಕ್ಟೀರಿಯಾಗಳು ಗಾಳಿಯ ಸಾರಜನಕವನ್ನು ಹಿಡಿದು ಗಿಡಕ್ಕೆ ಉಣಿಸುತ್ತವೆ, ಯೂರಿಯಾ ಚೀಲಕ್ಕೆ ಸರದಿ ನಿಲ್ಲುವುದು ಅಷ್ಟು ತಪ್ಪುತ್ತದೆ. ಆದರೂ ಹಿತ್ತಲ ಗಿಡ ಮದ್ದಲ್ಲ. ಬೆಳೆದವರು ಎಣ್ಣೆ ಗಿರಣಿಗೆ ಮಾರುತ್ತಾರೆ, ಹಿಂಡಿ ಕೋಳಿಫಾರಮ್ಮಿಗೆ ಹೋಗುತ್ತದೆ, ನಾವು ಪೇಟೆಯಿಂದ ಪ್ರೋಟೀನ್ ಪುಡಿಯ ಡಬ್ಬಿ ತರುತ್ತೇವೆ.

4. ಸಿದ್ಧಾಂತ

ಹೀಗೆ ಸಕಲ ಆಕ್ಷೇಪಗಳನ್ನೂ ಖಂಡಿಸಿ, ‘ಒಂದೇ ಪಾತ್ರೆ’ ಎಂಬ ಮಹಾವಾಕ್ಯವನ್ನು ಸ್ಥಾಪಿಸಲು ನಾವು ಮೀಲ್ ಮೇಕರ್ ಪಲ್ಯದ ಬೋಗುಣಿ ಹಿಡಿದು ಹಿತ್ತಲಿಗೆ ಹೊರಟೆವು. ಅಡುಗೆಮನೆಯಿಂದ ಒಂದು ಪ್ರಶ್ನೆ ಬಂತು.

“ಅದರಾಗ ಉಳ್ಳಾಗಡ್ಡಿ, ಬಳ್ಳೊಳ್ಳಿ ಎಷ್ಟ್ ಹಾಕೇನಿ ಗೊತ್ತದ ಏನ್ರಿ? ನಾಯಿಗೆ ಅದು ವಿಷ ಅಂತ ಡಾಕ್ಟರು ಹೇಳಿದ್ದು ಮರತ್ರೇನು?”

ಗ್ರಂಥ ಅಲ್ಲಿಗೆ ಕುಸಿಯಿತು. ಉಳ್ಳಾಗಡ್ಡಿ, ಬಳ್ಳೊಳ್ಳಿ ನಾಯಿಯ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ಬೆಂದರೂ ಆ ದೋಷ ಹೋಗುವುದಿಲ್ಲ. ಅವಿಲ್ಲದ ಮೀಲ್ ಮೇಕರನ್ನು ನಾವು ಮುಟ್ಟುವುದಿಲ್ಲ. ಅವಿರುವುದನ್ನು ಕಾಳ ಮುಟ್ಟಬಾರದು. ನಮಗೆ ಸೋಯಾವನ್ನು ರುಚಿಯಾಗಿಸುವುದೇ ಅವನಿಗೆ ನಂಜಾಗುತ್ತದೆ. ನಮ್ಮ ಹತ್ತು ದಿನದ ಪಾಂಡಿತ್ಯಕ್ಕೆ ಹೊಳೆಯದ ಭೇದವನ್ನು ಒಲೆಯ ಮುಂದೆ ನಿಂತವರು ಒಂದು ಮಾತಿನಲ್ಲಿ ಬಿಡಿಸಿದರು. ಕರ್ತೃ ಯಾರೆಂಬ ಪ್ರಶ್ನೆಯೂ ಅಲ್ಲೇ ತೀರ್ಮಾನವಾಯಿತು.

ಆದ್ದರಿಂದ ಸಿದ್ಧಾಂತ ಹೀಗೆ ತಿದ್ದಲ್ಪಟ್ಟಿದೆ: ಕಾಳು ಒಂದೇ, ಪಾತ್ರೆ ಎರಡು.

5. ಫಲಶ್ರುತಿ

ಇದನ್ನು ಓದಿದವರು ಸೋಯಾವನ್ನು ನಾಯಿಯ ಪೂರ್ಣ ಊಟವೆಂದು ತಿಳಿಯದೆ, ಊಟದ ಒಂದು ಪಾಲೆಂದು ತಿಳಿಯಲಿ. ಮೊದಲ ದಿನ ಒಂದೆರಡು ಚಮಚ ಸಾಕು. ಕೆಲವು ನಾಯಿಗಳಿಗೆ ಸೋಯಾ ಒಗ್ಗದೆ ಮೈ ತುರಿಸುತ್ತದೆ. ಮರಿಗಳಿಗೂ ಕಾಯಿಲೆಯ ನಾಯಿಗಳಿಗೂ ಪಶುವೈದ್ಯರನ್ನು ಕೇಳದೆ ಪ್ರಯೋಗ ಬೇಡ. ಉಳಿದಂತೆ ನೆನೆಸಿ, ನೀರು ಚೆಲ್ಲಿ, ಮೆತ್ತಗೆ ಬೇಯಿಸಿ. ಉಪ್ಪು, ಖಾರ, ಉಳ್ಳಾಗಡ್ಡಿ ಬೀಳುವ ಮೊದಲೇ, ಒಗ್ಗರಣೆಗೆ ಎಣ್ಣೆ ಕಾಯುತ್ತಿರುವಾಗಲೇ ನಾಯಿಯ ಪಾಲು ತೆಗೆದಿಡಿ.